ರೆಕ್ಕೆಯ ಮೇಲಿನ ಸಂಖ್ಯೆ

ಬೆಟ್ಟದ ಚಾರಣದಲ್ಲಿ ಮೊದಲು ಏರಬೇಕು, ಆಮೇಲೆ ಇಳಿಯಬೇಕು. ಕಂದರದಲ್ಲಿ ಇದು ತಿರುವುಮುರುವು. ಅಮೆರಿಕದ ಅರಿಜೋನಾ ರಾಜ್ಯದಲ್ಲಿ ಕೊಲರಾಡೊ ನದಿ ಕೊರೆದಿರುವ ಗ್ರ್ಯಾಂಡ್ ಕ್ಯಾನ್ಯನ್ ಸುಮಾರು ಒಂದು ಮೈಲಿ ಆಳವಿದೆ. ಅದರ ದಕ್ಷಿಣದ ಅಂಚಿನಿಂದ ಬ್ರೈಟ್ ಏಂಜಲ್ ಎಂಬ ಕಾಲುದಾರಿ ನದಿಯತ್ತ ಇಳಿಯುತ್ತದೆ. ಇಳಿಯುವಾಗ ಉತ್ಸಾಹ, ಹಿಂದಿರುಗಿ ಏರುವಾಗ ಉರಿಬಿಸಿಲು. ಆದ್ದರಿಂದ ಬಲ್ಲವರು ಬೆಳಕು ಹರಿಯುವ ಮೊದಲೇ ಹೊರಡುತ್ತಾರೆ. ಹಕ್ಕಿ ನೋಡುವವರಿಗೂ ಅದೇ ಒಳ್ಳೆಯ ಹೊತ್ತು.

ಅಂಚಿನ ಪೈನ್ ಮರಗಳಲ್ಲಿ ಮೊದಲು ಕಾಣುವುದು ಕಪ್ಪು ಜುಟ್ಟು, ನೀಲಿ ಮೈಯ ಸ್ಟೆಲ್ಲರ್ಸ್ ಜೇ. ಕೆಳಗಿಳಿದಂತೆ ಮರಗಳು ಕುಳ್ಳಾಗಿ ಪೊದೆಗಳಾಗುತ್ತವೆ, ಸೆಕೆ ಹೆಚ್ಚುತ್ತದೆ, ಹಕ್ಕಿಗಳೂ ಬದಲಾಗುತ್ತವೆ. ಬಂಡೆಗಳ ಸಂದಿಯಿಂದ ಒಂದು ಹಾಡು ಮೆಟ್ಟಿಲು ಇಳಿದಂತೆ ಸ್ವರ ಸ್ವರವಾಗಿ ಕೆಳಗಿಳಿಯುತ್ತದೆ. ಅದು ಕ್ಯಾನ್ಯನ್ ರೆನ್. ಗುಬ್ಬಿಗಿಂತ ಚಿಕ್ಕ ಹಕ್ಕಿಯಾದರೂ ದನಿ ಕಣಿವೆಯನ್ನೇ ತುಂಬುತ್ತದೆ.

ಕಂದರದ ಅತಿ ದೊಡ್ಡ ಹಕ್ಕಿ ಮಾತ್ರ ತಡವಾಗಿ ಏಳುತ್ತದೆ. ಕ್ಯಾಲಿಫೋರ್ನಿಯಾ ಕಾಂಡರ್ ಎಂಬ ಈ ರಣಹದ್ದಿನ ರೆಕ್ಕೆಗಳ ಹರವು ಒಂಬತ್ತೂವರೆ ಅಡಿ. ಇಷ್ಟು ಭಾರದ ಹಕ್ಕಿ ರೆಕ್ಕೆ ಬಡಿದೇ ದೂರ ಹಾರಲಾರದು. ಬಂಡೆ ಕಾದು, ಬಿಸಿಗಾಳಿ ಮೇಲೇಳುವವರೆಗೆ ರೆಕ್ಕೆ ಹರಡಿ ಬಿಸಿಲು ಕಾಯಿಸುತ್ತ ಕೂರುತ್ತದೆ. ಹಾರತೊಡಗಿದ ಮೇಲೆ ಅದರ ರೆಕ್ಕೆ ಹಲಗೆಯಂತೆ ನೇರ, ಅಲುಗಾಟವಿಲ್ಲ. ದುರ್ಬೀನು ಹಿಡಿದರೆ ರೆಕ್ಕೆಯ ಮೇಲೆ ಒಂದು ಬಿಲ್ಲೆ, ಅದರಲ್ಲೊಂದು ಸಂಖ್ಯೆ ಕಾಣುವುದುಂಟು.

ಆ ಸಂಖ್ಯೆಯ ಹಿಂದೆ ಒಂದು ಕಥೆಯಿದೆ. 1982ರಲ್ಲಿ ಜಗತ್ತಿನಲ್ಲಿ ಉಳಿದಿದ್ದ ಕಾಂಡರ್‌ಗಳು ಕೇವಲ 22. 1987ರಲ್ಲಿ ಕಾಡಿನ ಕೊನೆಯ ಹಕ್ಕಿಯನ್ನೂ ಹಿಡಿದು ಮೃಗಾಲಯಕ್ಕೆ ತಂದರು. ಕಾಂಡರ್ ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಒಂದೇ ಮೊಟ್ಟೆ ಇಡುತ್ತದೆ. ಆ ಮೊಟ್ಟೆಯನ್ನು ತೆಗೆದರೆ ಮತ್ತೊಂದನ್ನಿಡುತ್ತದೆ ಎಂಬುದನ್ನು ತಜ್ಞರು ಬಳಸಿಕೊಂಡರು. ಮರಿಗಳು ಮನುಷ್ಯರಿಗೆ ಒಗ್ಗಿಹೋಗಬಾರದೆಂದು ಕಾಂಡರ್ ತಲೆಯಂತಹ ಕೈಗೊಂಬೆ ತೊಟ್ಟು ಉಣಿಸಿದರು. 1996ರ ಡಿಸೆಂಬರಿನಲ್ಲಿ ಅರಿಜೋನಾದ ವರ್ಮಿಲಿಯನ್ ಬಂಡೆಗಳ ಬಳಿ ಆರು ಹಕ್ಕಿಗಳನ್ನು ಬಿಟ್ಟರು. 2003ರಲ್ಲಿ ಗ್ರ್ಯಾಂಡ್ ಕ್ಯಾನ್ಯನ್‌ನಲ್ಲೇ ಹುಟ್ಟಿದ ಮರಿಯೊಂದು ಗೂಡು ಬಿಟ್ಟು ಹಾರಿತು. ಈಗ ಕಾಡು, ಮೃಗಾಲಯ ಎರಡೂ ಸೇರಿ ಸಂಖ್ಯೆ 500 ದಾಟಿದೆ.

ಅಪಾಯ ಮುಗಿದಿಲ್ಲ. ಬೇಟೆಗಾರರು ಬಿಟ್ಟುಹೋದ ಪ್ರಾಣಿಯ ಕರುಳು, ಮಾಂಸದಲ್ಲಿ ಸೀಸದ ಗುಂಡಿನ ಚೂರುಗಳಿರುತ್ತವೆ. ಅದನ್ನು ತಿಂದ ಕಾಂಡರ್‌ಗೆ ವಿಷವೇರುತ್ತದೆ. 2023ರಲ್ಲಿ ಹಕ್ಕಿಜ್ವರಕ್ಕೆ ಅರಿಜೋನಾ-ಯೂಟಾ ಗುಂಪಿನ 21 ಹಕ್ಕಿಗಳು ಸತ್ತವು. ಪ್ರತಿ ಹಕ್ಕಿಗೂ ಸಂಖ್ಯೆಯಿದ್ದು, ಅದರ ಮೇಲೆ ಕಣ್ಣಿಟ್ಟವರಿದ್ದುದರಿಂದಲೇ ಈ ಸಾವುಗಳ ಲೆಕ್ಕ ಸಿಕ್ಕಿತು, ಕಾರಣವೂ ತಿಳಿಯಿತು.

ನಮ್ಮ ರಣಹದ್ದುಗಳಿಗೆ ಇಂತಹ ಕಾವಲು ಸಕಾಲದಲ್ಲಿ ಸಿಗಲಿಲ್ಲ. ಒಂದು ಕಾಲಕ್ಕೆ ಊರೂರಲ್ಲೂ ಇದ್ದ ಬಿಳಿಬೆನ್ನಿನ ರಣಹದ್ದುಗಳು 1990ರ ದಶಕದಿಂದೀಚೆಗೆ ನೂರಕ್ಕೆ ತೊಂಬತ್ತೊಂಬತ್ತು ಪಾಲು ಅಳಿದುಹೋದವು. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫಿನಾಕ್ ಎಂಬ ನೋವುನಿವಾರಕ ಔಷಧವೇ ಕಾರಣವೆಂದು ತಿಳಿದದ್ದು 2004ರ ಹೊತ್ತಿಗೆ. 2006ರಲ್ಲಿ ಅದರ ಪಶುಬಳಕೆ ನಿಷೇಧವಾಯಿತು. ಬಂಡೆಗಳಲ್ಲಿ ಗೂಡು ಕಟ್ಟುವ ಉದ್ದಕೊಕ್ಕಿನ ರಣಹದ್ದುಗಳಿಗಾಗಿ ರಾಮನಗರದ ರಾಮದೇವರ ಬೆಟ್ಟ 2012ರಲ್ಲಿ ಅಭಯಧಾಮವಾಯಿತು.

ಹಕ್ಕಿ ನೋಡುವುದು ಬರಿಯ ಹವ್ಯಾಸ ಎನ್ನುವ ತಂದೆತಾಯಿಯರು ಇದನ್ನು ಗಮನಿಸಬೇಕು. ಇದಕ್ಕೆ ಬೇಕಾದದ್ದು ಒಂದು ನೋಟುಪುಸ್ತಕ, ಒಂದು ಪೆನ್ಸಿಲ್ ಮತ್ತು ಬೆಳಗಿನ ಒಂದು ಗಂಟೆ. ತಾರೀಖು, ವೇಳೆ, ಸ್ಥಳ, ಹಕ್ಕಿ, ಎಷ್ಟು ಎಂಬ ಐದು ಅಂಕಣಗಳು ಸಾಕು. ಕೆರೆಯಂಗಳವಾದರೂ ಸರಿ, ಶಾಲೆಯ ಆಲದ ಮರವಾದರೂ ಸರಿ. ಕಾಗೆ, ಮೈನಾಗಳನ್ನೂ ಬಿಡದೆ ಬರೆಯಲಿ. ನಿನ್ನೆ ಎಷ್ಟಿದ್ದವೆಂದು ಬರೆದಿಟ್ಟವರಿಗೆ ಮಾತ್ರ ಇಂದು ಕಡಿಮೆಯಾಗಿರುವುದು ತಿಳಿಯುತ್ತದೆ.