ಮರದ ಬುಡಕ್ಕೆ ಮಣ್ಣು ಬಿಡೋಣ



ಬೇರಿನ ಕೆಲಸವೇನು ಎಂದು ಕೇಳಿದರೆ ನೀವು ಥಟ್ಟನೆ ಹೇಳುತ್ತೀರಿ: ಸಸ್ಯವನ್ನು ಮಣ್ಣಿನಲ್ಲಿ ಭದ್ರವಾಗಿ ಹಿಡಿಯುವುದು, ನೀರು ಮತ್ತು ಲವಣಗಳನ್ನು ಹೀರುವುದು. ಈ ಉತ್ತರಕ್ಕೆ ನಾನು ಅನೇಕ ವರ್ಷ ಪೂರ್ಣ ಅಂಕ ಕೊಟ್ಟಿದ್ದೇನೆ. ಆದರೆ ನಾನಿದ್ದ ಒಂದು ಶಾಲೆಯ ಅಂಗಳಕ್ಕೆ ಸಿಮೆಂಟ್ ಹಾಕಿಸಿದಾಗ ಬೇವಿನ ಮರದ ಬುಡವನ್ನೂ ಸುತ್ತಲೂ ಮುಚ್ಚಿದರು. ಅಂಗಳ ಸ್ವಚ್ಛವಾಯಿತೆಂದು ನಾನೂ ಸಂತೋಷಪಟ್ಟೆ. ಕೆಲವು ವರ್ಷಗಳಲ್ಲಿ ಮರ ತುದಿಯಿಂದ ಒಣಗತೊಡಗಿತು. ಪಾಠ ನನ್ನ ಬಾಯಲ್ಲಿತ್ತು. ಅಂಗಳದಲ್ಲಿ ಅದು ನೆನಪಿಗೆ ಬರಲಿಲ್ಲ.

ಬೇರು, ಕಾಂಡ, ಎಲೆಗಳನ್ನು ನಾವು ಚಿತ್ರದಲ್ಲಿ ಬೇರೆ ಬೇರೆಯಾಗಿ ಗುರುತಿಸುತ್ತೇವೆ. ಮರದಲ್ಲಿ ಅವು ಒಂದನ್ನೊಂದು ನಂಬಿ ಬದುಕುತ್ತವೆ. ಎಲೆಯ ಪತ್ರರಂಧ್ರಗಳಿಂದ ನೀರು ಆವಿಯಾದಂತೆ, ಆ ಸೆಳೆತಕ್ಕೆ ಬೇರು ಹೀರಿದ ನೀರು ಕಾಂಡದ ನಾಳಗಳಲ್ಲಿ ಮೇಲೇರುತ್ತದೆ. ಎಲೆ ಬಿಸಿಲಿನಲ್ಲಿ ತಯಾರಿಸಿದ ಆಹಾರ ತೊಗಟೆಯ ಒಳಪದರದ ಮೂಲಕ ಬೇರಿಗೆ ಇಳಿಯುತ್ತದೆ. ಆ ಆಹಾರದಿಂದ ಶಕ್ತಿ ಪಡೆಯಲು ಬೇರಿನ ಜೀವಕೋಶಗಳಿಗೆ ಆಮ್ಲಜನಕ ಬೇಕು. ಅದು ಮಣ್ಣಿನ ಕಣಗಳ ನಡುವಿನ ಗಾಳಿಯಿಂದ ದೊರೆಯುತ್ತದೆ. ಹೌದು, ಬೇರೂ ಉಸಿರಾಡುತ್ತದೆ! ಸಿಮೆಂಟ್ ಮುಚ್ಚಿದರೆ ಗಾಳಿಯೂ ಹೋಗದು, ಮಳೆಯ ನೀರೂ ಇಂಗದು. ಮೇಲೆ ಎಲೆ ಕೆಲವು ಕಾಲ ಹಸಿರಾಗಿಯೇ ಇರುವುದರಿಂದ ಕೆಳಗಿನ ಕಷ್ಟ ನಮಗೆ ತಿಳಿಯುವುದಿಲ್ಲ.

ಮಣ್ಣು ಬಿಟ್ಟರೆ ಕೆಸರಾಗುತ್ತದೆ, ಕಸ ಗುಡಿಸುವುದು ಕಷ್ಟ ಎಂದು ಹಿರಿಯರು ಹೇಳಬಹುದು. ಅದು ಸುಳ್ಳಲ್ಲ. ನಡೆಯುವ ದಾರಿಗೆ ಫರಸಿ ಹಾಸಲಿ. ಬುಡ ಮಾತ್ರ ತೆರೆದಿರಲಿ. 2013ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ದೆಹಲಿಯ ಮರಗಳ ಸುತ್ತ 1 ಮೀಟರ್‌ವರೆಗಿನ ಕಾಂಕ್ರೀಟನ್ನು ತೆಗೆಯಬೇಕೆಂದು ಆದೇಶಿಸಿತು. ದೊಡ್ಡ ಮರದ ಬೇರುಗಳು ಅದಕ್ಕಿಂತಲೂ ದೂರ ಹರಡಿರುತ್ತವೆ. ಆದ್ದರಿಂದ 1 ಮೀಟರ್ ಎಂಬುದು ಕಡಿಮೆಯೆಂದರೆ ಕಡಿಮೆ.

ನಮ್ಮ ಸೊಲ್ಲಾಪುರ ಸೀಮೆಯಲ್ಲಿ ಮಳೆ ಕಡಿಮೆ. ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಇಲ್ಲಿ ನೆರಳು ಕೊಡುವ ಒಂದು ಬೇವನ್ನು ಕಳೆದುಕೊಂಡರೆ ಇನ್ನೊಂದು ಅಷ್ಟೆತ್ತರ ಬೆಳೆಯುವ ಹೊತ್ತಿಗೆ ನೀವು ಶಾಲೆ ಬಿಟ್ಟಿರುತ್ತೀರಿ.

ನಾಳೆ ಅಳತೆಪಟ್ಟಿ ಹಿಡಿದು ನಿಮ್ಮ ಶಾಲೆಯ ಮರದ ಬುಡವನ್ನು ಅಳೆದು ನೋಡಿರಿ. ಮಣ್ಣು ಕಾಣದಿದ್ದರೆ ಮುಖ್ಯಾಧ್ಯಾಪಕರಿಗೆ ವಿನಯದಿಂದ ಪತ್ರ ಬರೆಯಿರಿ. ಕಾರಣವನ್ನೂ ಬರೆಯಿರಿ, ಅದು ನಿಮ್ಮ ವಿಜ್ಞಾನದ ಪಾಠದಲ್ಲೇ ಇದೆ.