ಮನೆಯ ಹಳೆಯ ಕಂಪ್ಯೂಟರೂ ಅದರೊಳಗಿನ ಆಟಗಳೂ

ಅಳಗುಳಿಮಣೆಯೊಂದು ಮನೆಯಲ್ಲಿದ್ದರೆ ಮೂರು ತಲೆಮಾರಿನವರು ಅದರಲ್ಲಿ ಆಡಬಹುದು. ಮಣೆಯನ್ನು ಮಾಡಿದ ಬಡಗಿಯು ಕಾಲವಾದರೂ, ಅದನ್ನು ಮಾರಿದ ಅಂಗಡಿಯು ಮುಚ್ಚಿಹೋದರೂ, ಹಿಡಿಯಷ್ಟು ಹುಣಿಸೆಯ ಬೀಜಗಳಿದ್ದರೆ ಆಟಕ್ಕೆ ಕುಂದಿಲ್ಲ. ಕಂಪ್ಯೂಟರಿನ ಆಟಗಳ ಸ್ಥಿತಿಯು ಹಾಗಲ್ಲ. ಯಂತ್ರವೂ ಆಟವೂ ಸುಸ್ಥಿತಿಯಲ್ಲಿರುವಾಗಲೇ ಒಂದು ದಿನ ಆಟವು ನಡೆಯದೆ ನಿಂತುಬಿಡುವುದುಂಟು. “ಹಣ ಕೊಟ್ಟು ಕೊಂಡ ವಸ್ತುವು ಈಗೇಕೆ ತೆರೆಯುವುದಿಲ್ಲ? ಇದಕ್ಕಾಗಿ ಹೊಸ ಯಂತ್ರವನ್ನೇ ಕೊಳ್ಳಬೇಕೆ?” ಎಂಬ ಪ್ರಶ್ನೆಯು ಇಂದು ಅನೇಕ ಮನೆಗಳಲ್ಲಿ ಎದ್ದಿರುವುದರಿಂದ, ಈ ತಿಂಗಳು ನಾವು ಅದನ್ನೇ ವಿಚಾರಕ್ಕೆ ತೆಗೆದುಕೊಂಡಿದ್ದೇವೆ.

ಕಂಪ್ಯೂಟರನ್ನು ನಡೆಯಿಸುವ ಮೂಲ ತಂತ್ರಾಂಶವು ಹೆಚ್ಚಿನ ಮನೆಗಳಲ್ಲಿ ಮೈಕ್ರೋಸಾಫ್ಟ್ ಕಂಪೆನಿಯ ವಿಂಡೋಸ್ ಆಗಿರುತ್ತದೆ. ಇದರ ಪ್ರತಿಯೊಂದು ಆವೃತ್ತಿಗೂ ಕಂಪೆನಿಯು ಒಂದು ಅವಧಿಯನ್ನು ಗೊತ್ತುಪಡಿಸುತ್ತದೆ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯ ಅವಧಿಯು 2014ರ ಏಪ್ರಿಲ್ 8ರಂದು ತೀರಿತು. 2009ರ ವಿಂಡೋಸ್ 7ರ ಸಾಮಾನ್ಯ ಅವಧಿಯು 2020ರ ಜನವರಿ 14ರಂದು, 2015ರ ವಿಂಡೋಸ್ 10ರದು 2025ರ ಅಕ್ಟೋಬರ್ 14ರಂದು ಮುಗಿದವು. ಅವಧಿ ತೀರಿದ ಮರುದಿನವೇ ಯಂತ್ರವು ನಿಂತುಹೋಗುವುದೆಂದು ಯಾರೂ ಗಾಬರಿಪಡಬೇಕಾದುದಿಲ್ಲ. ನಿಲ್ಲುವುದು ದುರಸ್ತಿ ಮಾತ್ರ. ತಂತ್ರಾಂಶದಲ್ಲಿ ಆಗಾಗ ಕಂಡುಬರುವ ಲೋಪಗಳನ್ನು ಮುಚ್ಚುವ ಕೆಲಸವನ್ನು ಕಂಪೆನಿಯು ಕೈಬಿಡುತ್ತದೆ. ಬಾಗಿಲಿನ ಬೀಗವು ಸಡಿಲವಾಗಿದೆಯೆಂದು ಊರಿಗೆಲ್ಲ ತಿಳಿದ ಮೇಲೂ ಅದನ್ನು ಸರಿಪಡಿಸುವವರಿಲ್ಲದಂತಾಗುವುದೇ ಇದರ ಅಪಾಯ.

ಹಾಗಾದರೆ ಆಟಗಳು ನಿಲ್ಲುವುದೇಕೆ? ಮುಖ್ಯ ಕಾರಣವು ಅಂಗಡಿಯದು. 2003ರಲ್ಲಿ ವಾಲ್ವ್ ಎಂಬ ಅಮೆರಿಕದ ಕಂಪೆನಿಯು ಸ್ಟೀಮ್ ಎಂಬ ವ್ಯವಸ್ಥೆಯನ್ನು ಆರಂಭಿಸಿತು. ಮರುವರ್ಷ ಹೊರಬಂದ ಹಾಫ್ ಲೈಫ್ 2 ಎಂಬ ಆಟವನ್ನು ಸಿ.ಡಿ.ಯಲ್ಲಿ ಕೊಂಡವರೂ ಸ್ಟೀಮಿನ ಮೂಲಕವೇ ಆಡಬೇಕಾಯಿತು. ಅಂದಿನಿಂದ ಆಟವನ್ನು ತೆರೆಯುವಾಗ ಅಂಗಡಿಯೂ ಜೊತೆಯಲ್ಲಿ ತೆರೆಯಬೇಕೆಂಬ ಪದ್ಧತಿಯು ರೂಢಿಗೆ ಬಂದಿತು. ಈ ಅಂಗಡಿಯ ಪುಟಗಳನ್ನು ತೋರಿಸುವುದಕ್ಕೆ ಸ್ಟೀಮಿನೊಳಗೆ ಗೂಗಲ್ ಕ್ರೋಮ್ ಬ್ರೌಸರಿನ ಭಾಗವೊಂದು ಅಡಗಿದೆ. ಕ್ರೋಮ್ ಹಳೆಯ ವಿಂಡೋಸನ್ನು ಬಿಟ್ಟಾಗ ಸ್ಟೀಮ್ ಸಹ ಬಿಡಬೇಕಾಯಿತು. ಹೀಗೆ 2019ರ ಜನವರಿ 1ರಿಂದ ಎಕ್ಸ್‌ಪಿ ಮತ್ತು ವಿಸ್ತಾಗಳಿಗೂ, 2024ರ ಜನವರಿ 1ರಿಂದ ವಿಂಡೋಸ್ 7, 8 ಮತ್ತು 8.1ಕ್ಕೂ ಸ್ಟೀಮಿನ ಬೆಂಬಲವು ತಪ್ಪಿತು. ಎಕ್ಸ್‌ಪಿಗೆಂದೇ ರಚಿತವಾದ ಆಟವನ್ನು ಎಕ್ಸ್‌ಪಿಯಲ್ಲಿ ಆಡಲು ಅಂಗಡಿಯು ಬಿಡದೆಹೋದುದು ವಿಚಿತ್ರವಾದರೂ ಸತ್ಯ. ಆಟದಲ್ಲಿ ಯಾವ ದೋಷವೂ ಇರಲಿಲ್ಲ. ಬಾಗಿಲು ಕಾಯುವವನು ಮಾತ್ರ ಬದಲಾಗಿದ್ದನು.

ಹೊಸ ಯಂತ್ರವನ್ನು ಕೊಂಡವರಿಗೆ ಇದಕ್ಕೆ ವಿರುದ್ಧವಾದ ತೊಂದರೆಯುಂಟು. ಹಿಂದಿನ ಕೆಲವು ಸಿ.ಡಿ.ಗಳಲ್ಲಿ ನಕಲು ಮಾಡುವುದನ್ನು ತಡೆಯುವುದಕ್ಕಾಗಿ ಸೇಫ್‌ಡಿಸ್ಕ್ ಎಂಬ ಕಾವಲನ್ನು ಇಟ್ಟಿದ್ದರು. ಈ ಕಾವಲಿನಿಂದಲೇ ಯಂತ್ರಕ್ಕೆ ಅಪಾಯವಿದೆಯೆಂದು ಮೈಕ್ರೋಸಾಫ್ಟ್ ವಿಂಡೋಸ್ 10ರಲ್ಲಿ ಅದನ್ನು ತೆಗೆದುಹಾಕಿತು. ಆದಕಾರಣ ಪ್ರಾಮಾಣಿಕವಾಗಿ ಕೊಂಡ ಸಿ.ಡಿ.ಯು ಕೈಯಲ್ಲಿದ್ದರೂ ಅಂತಹ ಆಟಗಳು ಅಲ್ಲಿ ತೆರೆಯುವುದಿಲ್ಲ. ಇದಲ್ಲದೆ 16 ಬಿಟ್‌ನ ಪ್ರಾಚೀನ ಆಟಗಳು 64 ಬಿಟ್‌ನ ವಿಂಡೋಸಿನಲ್ಲಿ ನೇರವಾಗಿ ನಡೆಯಲಾರವು.

ಇವುಗಳಿಗೆ ಪರಿಹಾರವಿಲ್ಲದಿಲ್ಲ. ಡಾಸ್‌ಬಾಕ್ಸ್ ಎಂಬ ಉಚಿತ ತಂತ್ರಾಂಶವು ಹೊಸ ಯಂತ್ರದೊಳಗೆ ಹಳೆಯ ಡಾಸ್ ಯಂತ್ರವೊಂದನ್ನು ಕಲ್ಪಿಸಿಕೊಡುತ್ತದೆ. 1989ರಲ್ಲಿ ಮೊದಲು ಬಂದ ಪ್ರಿನ್ಸ್ ಆಫ್ ಪರ್ಷಿಯಾ, 1993ರ ಡೂಮ್ ಮೊದಲಾದ ಆಟಗಳ ಡಾಸ್ ಪ್ರತಿಗಳು ಇಂದಿಗೂ ಅದರಲ್ಲಿ ಸರಾಗವಾಗಿ ನಡೆಯುತ್ತವೆ. ವಿಂಡೋಸ್ 11ಕ್ಕೆ ಟಿ.ಪಿ.ಎಂ. 2.0 ಎಂಬ ರಕ್ಷಣಾ ಸಾಧನವೂ ಗೊತ್ತಾದ ಪೀಳಿಗೆಯ ಪ್ರೊಸೆಸರೂ ಬೇಕೆಂಬ ನಿಯಮವಿರುವುದರಿಂದ, ಗಟ್ಟಿಮುಟ್ಟಾದ ಎಷ್ಟೋ ಯಂತ್ರಗಳು ಹೊರಗುಳಿದಿವೆ. ಅಂತಹ ಯಂತ್ರಕ್ಕೆ ಉಚಿತವಾದ ಲಿನಕ್ಸನ್ನು ಹಾಕಿಸಬಹುದು. 2018ರಲ್ಲಿ ವಾಲ್ವ್ ಕಂಪೆನಿಯು ಹೊರತಂದ ಪ್ರೋಟಾನ್ ಎಂಬ ಸಾಧನದಿಂದ ವಿಂಡೋಸಿನ ಬಹಳಷ್ಟು ಆಟಗಳು ಲಿನಕ್ಸಿನಲ್ಲಿ ನಡೆಯುತ್ತವೆ. ಆದರೆ ಇದಕ್ಕೆ ವಲ್ಕನ್ ಎಂಬ ಪದ್ಧತಿಯನ್ನು ಬಲ್ಲ ಗ್ರಾಫಿಕ್ಸ್ ಕಾರ್ಡು ಸಾಮಾನ್ಯವಾಗಿ ಬೇಕಾಗುವುದರಿಂದ, ಬಹಳ ಹಳೆಯ ಯಂತ್ರಗಳಿಗೆ ಇದು ಒದಗದು. ಹಣ ವೆಚ್ಚಮಾಡುವ ಮೊದಲು ಬಲ್ಲವರಿಂದ ಇದನ್ನು ವಿಚಾರಿಸತಕ್ಕದ್ದು.

ಹಳೆಯ ವಿಂಡೋಸಿನಲ್ಲಿಯೇ ಆಡಬೇಕೆನ್ನುವವರು ಒಂದು ಕಟ್ಟಳೆಯನ್ನು ತಪ್ಪದೆ ಪಾಲಿಸಬೇಕು: ಆ ಯಂತ್ರಕ್ಕೆ ಇಂಟರ್ನೆಟ್ಟಿನ ಸಂಪರ್ಕವಿರಕೂಡದು. 2017ರ ಮೇ ತಿಂಗಳಲ್ಲಿ ವಾನ್ನಕ್ರೈ ಎಂಬ ದುಷ್ಟ ತಂತ್ರಾಂಶವು ದುರಸ್ತಿಯಾಗದ ಯಂತ್ರಗಳನ್ನು ಹೊಕ್ಕು, ಕಡತಗಳನ್ನು ಬಂಧಿಸಿ ಹಣ ಕೇಳಿತು; ಬ್ರಿಟನ್ನಿನ ಸರಕಾರಿ ಆಸ್ಪತ್ರೆಗಳ ಕೆಲಸಕ್ಕೂ ಅದರಿಂದ ಅಡಚಣೆಯಾಯಿತು. ಆಟದ ಯಂತ್ರದಲ್ಲಿಯೇ ಬ್ಯಾಂಕಿನ ವ್ಯವಹಾರವನ್ನು ಮಾಡುವುದು, ತಿಜೋರಿಯನ್ನು ಜಗಲಿಯ ಮೇಲೆ ಇಟ್ಟಂತೆ. ಮಕ್ಕಳಿಗೆ ಇನ್ನೊಂದು ಮಾತನ್ನೂ ತಿಳಿಸಬೇಕು. ಸಿ.ಡಿ.ಯ ಕಾವಲನ್ನು ಮುರಿದುಕೊಡುತ್ತೇವೆಂದು ಅಪರಿಚಿತರು ಹಂಚುವ ಕಡತಗಳಲ್ಲಿ ಇಂತಹ ಕೇಡು ಅಡಗಿರುವುದುಂಟು.

ಯಂತ್ರದ ಆರೈಕೆಯೂ ಅಗತ್ಯ. ಒಳಗಿನ ಧೂಳನ್ನು ಆಗಾಗ ತೆಗೆಯಿಸಬೇಕು. ಗಡಿಯಾರವು ಪದೇ ಪದೇ ಹಿಂದಿನ ವರ್ಷಕ್ಕೆ ಹೋಗುತ್ತಿದ್ದರೆ, ಒಳಗಿರುವ ನಾಣ್ಯದಾಕಾರದ ಸಣ್ಣ ಬ್ಯಾಟರಿಯು ತೀರಿದೆಯೆಂದು ತಿಳಿಯಬೇಕು; ಅದನ್ನು ಬದಲಾಯಿಸುವುದಕ್ಕೆ ತಗಲುವ ವೆಚ್ಚವು ಅಲ್ಪ. ಹಾರ್ಡ್ ಡಿಸ್ಕು ಮುನ್ಸೂಚನೆಯಿಲ್ಲದೆಯೇ ಕೆಡಬಹುದಾದ್ದರಿಂದ, ಮಕ್ಕಳು ಆಡಿ ಉಳಿಸಿಟ್ಟ ಆಟದ ಕಡತಗಳನ್ನೂ ಸಂಸಾರದ ಛಾಯಾಚಿತ್ರಗಳನ್ನೂ ಬೇರೆ ಕಡೆ ನಕಲು ಮಾಡಿಡುವುದು ಜಾಣತನ.

ಇವೆಲ್ಲಕ್ಕಿಂತ ದೊಡ್ಡ ವಿಚಾರವೊಂದಿದೆ. ನಾವು ಕೊಂಡುದು ನಿಜವಾಗಿ ನಮ್ಮದೆ? 2014ರಲ್ಲಿ ಯೂಬಿಸಾಫ್ಟ್ ಕಂಪೆನಿಯು ದಿ ಕ್ರೂ ಎಂಬ ಮೋಟಾರು ಪಂದ್ಯದ ಆಟವನ್ನು ಮಾರಿತು. ಅದರ ಸರ್ವರುಗಳನ್ನು 2024ರ ಮಾರ್ಚ್ 31ರಂದು ನಿಲ್ಲಿಸಿದುದರಿಂದ, ಕೊಂಡವರೆಲ್ಲರ ಆಟವೂ ಒಂದೇ ದಿನ ನಿರರ್ಥಕವಾಯಿತು. ಇದರಿಂದ ಬೇಸತ್ತ ಆಟಗಾರರು ಯೂರೋಪಿನಲ್ಲಿ ಆರಂಭಿಸಿದ ಮನವಿಗೆ 2025ರ ಜುಲೈ ತಿಂಗಳಲ್ಲಿ ಸಹಿಗಳು ಹತ್ತು ಲಕ್ಷವನ್ನು ದಾಟಿದವು. ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಷನ್ 2023ರಲ್ಲಿ ಪ್ರಕಟಿಸಿದ ಅಧ್ಯಯನವು, ಆ ದೇಶದಲ್ಲಿ 2010ಕ್ಕೆ ಮೊದಲು ಬಂದ ಆಟಗಳಲ್ಲಿ ನೂರಕ್ಕೆ 87ರಷ್ಟು ಈಗ ಮಾರಾಟದಲ್ಲಿಲ್ಲವೆಂದು ತಿಳಿಸಿತು. ಕೊಂಡವರು ಉಳಿಸಿಕೊಳ್ಳದಿದ್ದರೆ ಉಳಿಸುವವರು ವಿರಳವೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಕ್ಯಾಲಿಫೋರ್ನಿಯಾದ ಕಾಯಿದೆಯೊಂದರ ಫಲವಾಗಿ, ಗ್ರಾಹಕನು ಕೊಳ್ಳುವುದು ಆಟವನ್ನಲ್ಲ, ಅದನ್ನು ಬಳಸುವ ಪರವಾನಗಿಯನ್ನು ಮಾತ್ರವೆಂಬ ಸೂಚನೆಯು 2024ರ ಅಕ್ಟೋಬರಿನಿಂದ ಸ್ಟೀಮಿನಲ್ಲಿಯೂ ಕಾಣುತ್ತಿದೆ. ಹಣ ತೆರುವ ಗೃಹಸ್ಥರು ಈ ಸಣ್ಣ ಅಕ್ಷರದ ವಾಕ್ಯವನ್ನು ಓದಬೇಕು.

ಎಲ್ಲ ಅಂಗಡಿಗಳ ರೀತಿಯೂ ಒಂದೇ ಅಲ್ಲ. 2008ರಲ್ಲಿ ಆರಂಭವಾದ ಜಿ.ಓ.ಜಿ. ಎಂಬ ಅಂಗಡಿಯು ಆಟಗಳನ್ನು ಕಾವಲಿಲ್ಲದೆ ಮಾರುತ್ತದೆ. ಅಲ್ಲಿ ಕೊಂಡ ಆಟದ ಸ್ಥಾಪನಾ ಕಡತವನ್ನು ಒಮ್ಮೆ ಇಳಿಸಿ ಬೇರೊಂದು ಡಿಸ್ಕಿನಲ್ಲಿಟ್ಟರೆ, ಮುಂದೆ ಅಂಗಡಿಯ ಅಪ್ಪಣೆಯನ್ನು ಕೇಳಬೇಕಾಗಿಲ್ಲ. ಸ್ಟೀಮಿನಲ್ಲಿಯೂ ಒಮ್ಮೆ ಸ್ಥಾಪಿಸಿದ ಮೇಲೆ ಅಂಗಡಿಯಿಲ್ಲದೆ ತೆರೆಯುವ ಕೆಲವು ಆಟಗಳುಂಟು.

ಆದುದರಿಂದ ಮಕ್ಕಳು ಹೊಸ ಆಟವನ್ನು ಕೇಳಿದಾಗ ಬೆಲೆಯ ಜೊತೆಗೆ ಮೂರು ಪ್ರಶ್ನೆಗಳನ್ನು ಕೇಳುವುದನ್ನು ಹಿರಿಯರು ಅಭ್ಯಾಸ ಮಾಡಿಕೊಳ್ಳಲಿ. ಇಂಟರ್ನೆಟ್ಟಿಲ್ಲದೆ ಇದು ನಡೆಯುವುದೆ? ಇದರ ಪ್ರತಿಯನ್ನು ನಾವು ಇಟ್ಟುಕೊಳ್ಳಬಹುದೆ? ಅಂಗಡಿಯು ನಿಂತರೆ ಆಟವೂ ನಿಲ್ಲುವುದೆ? ಮನೆಯಲ್ಲಿರುವ ಹಳೆಯ ಯಂತ್ರವನ್ನು ಗುಜರಿಗೆ ಹಾಕುವ ಅವಸರವೂ ಬೇಡ. ಸಂಪರ್ಕವನ್ನು ತೆಗೆದು, ಕಡತಗಳನ್ನು ಕಾದಿಟ್ಟು, ಮಕ್ಕಳ ಆಟಕ್ಕೆಂದೇ ಅದನ್ನು ಮೀಸಲಾಗಿಟ್ಟರೆ, ಇನ್ನೂ ಕೆಲವು ವರ್ಷ ಅದು ಸಂತೋಷವನ್ನು ಕೊಡಬಲ್ಲದು.