ಕ್ಯಾಮೆರಾ ಇರುವಾಗ ಕೈ ಅಡ್ಡ ಹಾಕುವುದೇಕೆ?

ನಂದಿನಿ ಲೇಔಟ್‌ನಿಂದ ಬೆಳಗ್ಗೆ ಹೊರಡುವ ಸ್ಕೂಟರು, ಬೈಕುಗಳಿಗೆ ದಾರಿಗಳೇನೂ ಹೆಚ್ಚಿಲ್ಲ. ಕೆಲವರು ಹೊರವರ್ತುಲ ರಸ್ತೆ ಹಿಡಿದು ಗೊರಗುಂಟೆಪಾಳ್ಯದ ಮೂಲಕ ಪೀಣ್ಯದ ಕಾರ್ಖಾನೆಗಳಿಗೆ ಹೋಗುತ್ತಾರೆ. ಕೆಲವರು ಲಗ್ಗೆರೆ, ಸುಮನಹಳ್ಳಿ ಕಡೆಗೆ ತಿರುಗುತ್ತಾರೆ. ಉಳಿದವರು ಮಹಾಲಕ್ಷ್ಮಿ ಲೇಔಟ್ ದಾಟಿ ರಾಜಾಜಿನಗರ ಸೇರುತ್ತಾರೆ. ಇವರೆಲ್ಲರ ನಡುವೆ ಪರಿಚಯವಿಲ್ಲದೆಯೂ ಓಡಾಡುವ ಮಾತೊಂದಿದೆ: ‘ಮುಂದೆ ಹಿಡೀತಾವ್ರೆ, ಒಳಗಡೆಯಿಂದ ಹೋಗಿ ಅಣ್ಣ.’ ಎದುರಿಗೆ ಬರುವವನು ಹೆಡ್‌ಲೈಟ್ ಮಿಣುಕಿಸಿದರೂ ಅರ್ಥ ಅದೇ. ಹೆಲ್ಮೆಟ್ ಇಲ್ಲದವನು ಗಾಡಿ ತಿರುಗಿಸಿ ಒನ್‌ವೇಯಲ್ಲಿ ನುಗ್ಗುತ್ತಾನೆ. ಹೆಲ್ಮೆಟ್ ಹಾಕಿದವನು, ಡಿಎಲ್, ಆರ್‌ಸಿ, ಇನ್ಶೂರೆನ್ಸ್, ಎಮಿಷನ್ ಎಲ್ಲವೂ ಇದ್ದವನು ಕೂಡ ಒಮ್ಮೆ ಜೇಬು ಮುಟ್ಟಿ ನೋಡಿಕೊಳ್ಳುತ್ತಾನೆ.

ತಪ್ಪು ಮಾಡದವನಿಗೂ ಈ ಅಳುಕು ಏಕೆ ಎಂಬ ಪ್ರಶ್ನೆಗೆ ಪೊಲೀಸ್ ಇಲಾಖೆಯ ವರಿಷ್ಠರೇ ಎರಡು ಸಲ ಉತ್ತರ ಕೊಟ್ಟಿದ್ದಾರೆ. 2022ರ ಜೂನ್‌ನಲ್ಲಿ ಆಗಿನ ಡಿಜಿಪಿ ಪ್ರವೀಣ್ ಸೂದ್, ಕಣ್ಣಿಗೆ ಕಾಣುವ ನಿಯಮ ಉಲ್ಲಂಘನೆ ಇಲ್ಲದಿದ್ದರೆ ಕೇವಲ ದಾಖಲೆ ನೋಡುವ ಸಲುವಾಗಿ ಯಾವ ವಾಹನವನ್ನೂ ನಿಲ್ಲಿಸಬಾರದು ಎಂದು ಬಹಿರಂಗವಾಗಿಯೇ ಸೂಚಿಸಿದರು. ಕುಡಿದು ಓಡಿಸುವವರ ತಪಾಸಣೆಗೆ ಮಾತ್ರ ವಿನಾಯಿತಿ ಇತ್ತು. ಜನ ಆ ಸಂದೇಶವನ್ನು ಮೊಬೈಲಿನಲ್ಲಿ ಉಳಿಸಿಕೊಂಡರು. ಅಡ್ಡಗಟ್ಟಿದಾಗ ತೋರಿಸಬಹುದು ಎಂದುಕೊಂಡರು. ಮೂರು ವರ್ಷ ಕಳೆಯುವಷ್ಟರಲ್ಲಿ ಅದೇ ಮಾತನ್ನು ಇನ್ನೊಬ್ಬ ಡಿಜಿಪಿ ಮತ್ತೆ ಹೇಳಬೇಕಾಗಿ ಬಂತು. ಈ ಸಲ ಅದನ್ನು ಹೇಳಿಸಿದ್ದು ಒಂದು ಮಗುವಿನ ಸಾವು.

2025ರ ಮೇ 26ರಂದು ಮದ್ದೂರು ತಾಲ್ಲೂಕಿನ ದಂಪತಿ ನಾಯಿ ಕಚ್ಚಿದ್ದ ಮೂರೂವರೆ ವರ್ಷದ ಮಗಳನ್ನು ಚಿಕಿತ್ಸೆಗಾಗಿ ಬೈಕಿನಲ್ಲಿ ಮಂಡ್ಯಕ್ಕೆ ಕರೆದೊಯ್ಯುತ್ತಿದ್ದರು. ನಗರದೊಳಗೆ ಸಂಚಾರ ಪೊಲೀಸರು ಹೆಲ್ಮೆಟ್ ತಪಾಸಣೆಗೆಂದು ಬೈಕ್ ತಡೆದಾಗ ಮಗು ರಸ್ತೆಗೆ ಬಿತ್ತು. ಹಿಂದಿನಿಂದ ಬಂದ ವಾಹನ ಅದರ ಮೇಲೆ ಹರಿಯಿತು. ಪೋಷಕರು ನಡುರಸ್ತೆಯಲ್ಲೇ ಮಗಳ ದೇಹ ಇಟ್ಟುಕೊಂಡು ಗೋಳಾಡಿದ್ದನ್ನು ರಾಜ್ಯವೇ ನೋಡಿತು. ಮೂವರು ಎಎಸ್‌ಐಗಳು ಅಮಾನತಾದರು. ಇದಾದ ಬೆನ್ನಲ್ಲೇ ಡಿಜಿಪಿ ಎಂ.ಎ. ಸಲೀಂ ಮಾರ್ಗಸೂಚಿ ಹೊರಡಿಸಿದರು. ಸಕಾರಣವಿಲ್ಲದೆ ವಾಹನ ತಡೆಯಬಾರದು, ಏಕಾಏಕಿ ರಸ್ತೆಗೆ ಇಳಿದು ಅಡ್ಡ ನಿಲ್ಲಬಾರದು, ಗಾಡಿಯ ಕೀ ಕಿತ್ತುಕೊಳ್ಳಬಾರದು, ಹಿಂಬದಿ ಸವಾರರನ್ನು ಹಿಡಿದು ಎಳೆಯಬಾರದು, ತಪಾಸಣೆ ಮಾಡುವವರ ಮೈಮೇಲೆ ಬಾಡಿ ಕ್ಯಾಮೆರಾ ಇರಬೇಕು.

ಮಾರ್ಗಸೂಚಿಯನ್ನು ಓದಿದವರಿಗೆ ಒಂದು ವಿಷಯ ಹೊಳೆಯದೆ ಇರದು. ಹೀಗೆ ಮಾಡಬೇಡಿ ಎಂದು ಪಟ್ಟಿ ಕೊಡಬೇಕಾದರೆ, ಹೀಗೆ ಮಾಡುತ್ತಿದ್ದಾರೆಂದು ಇಲಾಖೆಗೆ ಗೊತ್ತಿತ್ತು. ಗೊತ್ತಿಲ್ಲದೆ ಇರಲು ಸಾಧ್ಯವೂ ಇರಲಿಲ್ಲ. 2021ರ ಮಾರ್ಚ್‌ನಲ್ಲಿ ಮೈಸೂರಿನ ಹಿನಕಲ್ ಬಳಿ ರಿಂಗ್ ರಸ್ತೆಯಲ್ಲಿ ತಪಾಸಣೆ ನಡೆಯುತ್ತಿದ್ದ ಜಾಗದಲ್ಲೇ ಬೈಕ್ ಸವಾರನೊಬ್ಬ ಲಾರಿಗೆ ಸಿಕ್ಕಿ ಸತ್ತಾಗ, ಪೊಲೀಸರು ತಡೆಯಲು ಹೋದದ್ದೇ ಕಾರಣ ಎಂದು ಜನ ರೊಚ್ಚಿಗೆದ್ದು ಸಿಬ್ಬಂದಿಯ ಮೇಲೆ ಕೈಮಾಡಿದ್ದರು. ಪೊಲೀಸರು ಆ ಆರೋಪವನ್ನು ಒಪ್ಪಲಿಲ್ಲ. ಗುಂಪು ಹಲ್ಲೆಗೆ ಯಾವ ಸಮರ್ಥನೆಯೂ ಇಲ್ಲ. ಆದರೆ ಓಡುವ ದ್ವಿಚಕ್ರ ವಾಹನವನ್ನು ಲಾರಿಗಳ ನಡುವೆ ತಡೆದು ನಿಲ್ಲಿಸುವ ಪದ್ಧತಿ ಎಷ್ಟು ಅಪಾಯಕಾರಿ ಎಂಬ ಚರ್ಚೆ ಅಂದೇ ಮುಗಿಯಬೇಕಿತ್ತು. ನಾಲ್ಕು ವರ್ಷದ ಬಳಿಕ ಮಂಡ್ಯದಲ್ಲಿ ಅದು ಮೊದಲಿನಿಂದ ಶುರುವಾಯಿತು.

ಮೇಲಿನವರ ಆದೇಶ ಕೆಳಗೆ ಇಳಿಯದೆ ಇರಲು ಸಿಬ್ಬಂದಿಯ ಮೊಂಡುತನ ಒಂದೇ ಕಾರಣವಲ್ಲ. ಮೋಟಾರು ವಾಹನ ಕಾಯ್ದೆ, 1988ರ 130ನೇ ಸೆಕ್ಷನ್ ಪ್ರಕಾರ ಸಮವಸ್ತ್ರದಲ್ಲಿರುವ ಯಾವುದೇ ಪೊಲೀಸ್ ಅಧಿಕಾರಿ ಕೇಳಿದರೂ ಚಾಲಕ ಲೈಸೆನ್ಸ್ ತೋರಿಸಬೇಕು. ಕಾನೂನು ಕೊಟ್ಟ ಅಧಿಕಾರವನ್ನು ಡಿಜಿಪಿಯ ಸುತ್ತೋಲೆ ರದ್ದು ಮಾಡಲಾರದು. ಬಳಸಬೇಡಿ ಎಂದು ಹೇಳಬಲ್ಲದು, ಅಷ್ಟೇ. ಡಿಜಿಪಿ ಬದಲಾದ ಮೇಲೆ, ಸುದ್ದಿಯ ಕಾವು ಆರಿದ ಮೇಲೆ ಸುತ್ತೋಲೆ ಫೈಲಿನಲ್ಲಿ ಉಳಿಯುತ್ತದೆ, ಸೆಕ್ಷನ್ ರಸ್ತೆಯಲ್ಲಿ ಉಳಿಯುತ್ತದೆ. ಸವಾರ ಮೊಬೈಲಿನಲ್ಲಿ ಆದೇಶ ತೋರಿಸಿದರೆ ‘ಅದನ್ನ ಸಾಹೇಬ್ರಿಗೆ ತೋರ್ಸಿ, ಮೊದಲು ಸೈಡಿಗೆ ಹಾಕಿ’ ಎಂಬ ಉತ್ತರ ಬರುವುದು ಈ ಸಂದಿಯಲ್ಲೇ.

ಇನ್ನೊಂದು ಕಡೆ, ಅಡ್ಡಗಟ್ಟುವ ಅಗತ್ಯವನ್ನೇ ತೆಗೆದುಹಾಕುವ ವ್ಯವಸ್ಥೆಗೆ ರಾಜ್ಯದ ಸರ್ಕಾರಗಳೇ ಕೋಟಿಗಟ್ಟಲೆ ಸುರಿದಿವೆ. 2022ರ ಡಿಸೆಂಬರ್‌ನಲ್ಲಿ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಬೆಂಗಳೂರಿನ 50 ಜಂಕ್ಷನ್‌ಗಳಲ್ಲಿ ಐಟಿಎಂಎಸ್ ಎಂಬ ಸ್ವಯಂಚಾಲಿತ ಸಂಚಾರ ನಿಗಾ ವ್ಯವಸ್ಥೆಯನ್ನು ಉದ್ಘಾಟಿಸಿದರು. ನಂಬರ್ ಪ್ಲೇಟ್ ಓದುವ 250 ಕ್ಯಾಮೆರಾ, ಸಿಗ್ನಲ್ ಜಿಗಿತ ಹಿಡಿಯುವ 80 ಕ್ಯಾಮೆರಾ. ಆ ಹೊತ್ತಿಗೆ ನಗರದ ವಿಶೇಷ ಸಂಚಾರ ಕಮಿಷನರ್ ಆಗಿದ್ದವರು ಇದೇ ಸಲೀಂ. ಕ್ಯಾಮೆರಾ ಇಲ್ಲದ ಕಡೆಗೆ ಎಫ್‌ಟಿವಿಆರ್ ಇದೆ: ಕಾನ್‌ಸ್ಟೆಬಲ್ ತನ್ನ ಮೊಬೈಲಿನಲ್ಲಿ ಫೋಟೊ ತೆಗೆದರೆ ಸಾಕು, ನೋಟಿಸ್ ತಾನಾಗಿ ಮಾಲೀಕನ ಹೆಸರಿಗೆ ಹೋಗುತ್ತದೆ. ಕೇಂದ್ರದ ನಿಯಮವೂ ಇದಕ್ಕೆ ಪೂರಕ. 2020ರ ಅಕ್ಟೋಬರ್‌ನಿಂದ, ಆನ್‌ಲೈನ್‌ನಲ್ಲಿ ಸಿಂಧುವೆಂದು ಕಂಡ ದಾಖಲೆಯನ್ನು ಕಾಗದದ ರೂಪದಲ್ಲಿ ಕೇಳುವಂತಿಲ್ಲ. 2021ರ ಆಗಸ್ಟ್‌ನಲ್ಲಿ ಸೇರಿಸಿದ 167ಎ ನಿಯಮ, ಕ್ಯಾಮೆರಾ ದಾಖಲಿಸಿದ ಉಲ್ಲಂಘನೆಗೆ 15 ದಿನದೊಳಗೆ ನೋಟಿಸ್ ಕಳಿಸಬೇಕು, ಕ್ಯಾಮೆರಾ ಇರುವ ಜಾಗದಲ್ಲಿ ಎಚ್ಚರಿಕೆಯ ಫಲಕ ಹಾಕಬೇಕು ಎನ್ನುತ್ತದೆ.

ಕ್ಯಾಮೆರಾದ ದೊಡ್ಡ ಗುಣ ಅದಕ್ಕೆ ಮುಖಪರಿಚಯವಿಲ್ಲ ಎಂಬುದು. 2025ರ ಸೆಪ್ಟೆಂಬರ್‌ನಲ್ಲಿ ಬಯಲಾದ ಸಂಗತಿ: ಮುಖ್ಯಮಂತ್ರಿ ಸಿದ್ದರಾಮಯ್ಯ ಓಡಾಡುವ ಸರ್ಕಾರಿ ಕಾರಿನ ಮೇಲೆ ಏಳು ಸಂಚಾರ ಪ್ರಕರಣಗಳಿದ್ದವು. ಆರು ಪ್ರಕರಣ ಮುಂದಿನ ಸೀಟಿನಲ್ಲಿ ಸೀಟ್‌ಬೆಲ್ಟ್ ಹಾಕದ್ದಕ್ಕೆ. ಮುಖ್ಯಮಂತ್ರಿಯ ಕಾರನ್ನು ಅಡ್ಡಗಟ್ಟಿ ‘ಬೆಲ್ಟ್ ಎಲ್ಲಿ ಸಾರ್?’ ಎಂದು ಕೇಳುವ ಎಎಸ್‌ಐ ಈ ರಾಜ್ಯದಲ್ಲಿ ಹುಟ್ಟಿಲ್ಲ. ರಸ್ತೆ ಬದಿಯಲ್ಲಿ ಕೈ ಅಡ್ಡ ಬೀಳುವುದು ಯಾರಿಗೆ ಎಂಬುದು ಪೀಣ್ಯಕ್ಕೆ ಪಾಳಿ ಕೆಲಸಕ್ಕೆ ಹೋಗುವವನಿಗೆ, ಹಿಂದೆ ತರಕಾರಿ ಮೂಟೆ ಕಟ್ಟಿಕೊಂಡ ಟಿವಿಎಸ್ ಎಕ್ಸ್‌ಎಲ್‌ನವನಿಗೆ, ಬೆನ್ನಿಗೆ ಊಟದ ಚೀಲ ಹೊತ್ತ ಡೆಲಿವರಿ ಹುಡುಗನಿಗೆ ಚೆನ್ನಾಗಿ ಗೊತ್ತು. ಕಪ್ಪು ಗಾಜಿನ ದೊಡ್ಡ ಕಾರಿಗಿಂತ ಬೈಕ್ ನಿಲ್ಲಿಸುವುದು ಸುಲಭ. ಬೈಕಿನವನು ಫೋನ್ ಮಾಡಿಸಲಾರ.

ಕೈ ಅಡ್ಡ ಬಿದ್ದ ಮೇಲೆ ಚೌಕಾಸಿಗೆ ಜಾಗವಾಗುತ್ತದೆ. 2022ರ ಡಿಸೆಂಬರ್ ಒಂದೇ ತಿಂಗಳಲ್ಲಿ ಬೆಂಗಳೂರು ಎರಡು ಉದಾಹರಣೆ ಕಂಡಿತು. ಕೇರಳದ ವ್ಯಕ್ತಿಯೊಬ್ಬರ ಕಾರು ತಡೆದು ಹಣ ಪಡೆದ ಆರೋಪದಲ್ಲಿ ಹಲಸೂರು ಗೇಟ್ ಸಂಚಾರ ಠಾಣೆಯ ಇಬ್ಬರು ಅಮಾನತಾದರು. ಸಂಪಿಗೆಹಳ್ಳಿ ಠಾಣೆಯ ಇಬ್ಬರು ಗಸ್ತು ಸಿಬ್ಬಂದಿಯಂತೂ, ರಾತ್ರಿ ನಡೆದು ಮನೆಗೆ ಹೋಗುತ್ತಿದ್ದ ದಂಪತಿಯನ್ನು ನಿಲ್ಲಿಸಿ, ರಾತ್ರಿ 11ರ ನಂತರ ಓಡಾಡುವಂತಿಲ್ಲ ಎಂದು ಹೆದರಿಸಿ, 1,000 ರೂಪಾಯಿಯನ್ನು ಕ್ಯೂಆರ್ ಕೋಡ್‌ನಲ್ಲೇ ಹಾಕಿಸಿಕೊಂಡಿದ್ದರು. ಇವರೂ ಅಮಾನತಾದರು. ಅದೇ ವರ್ಷದ ಆರಂಭದಲ್ಲಿ ಟೋಯಿಂಗ್ ಸಿಬ್ಬಂದಿಯ ದರ್ಪ ತಾರಕಕ್ಕೇರಿ, ಜನರ ಆಕ್ರೋಶಕ್ಕೆ ಮಣಿದ ಸರ್ಕಾರ ಟೋಯಿಂಗನ್ನೇ ನಿಲ್ಲಿಸಬೇಕಾಯಿತು. ಇವೆಲ್ಲ ಕೆಲವು ಕೆಟ್ಟ ಸಿಬ್ಬಂದಿಯ ಕತೆ ಎನ್ನಬಹುದು. ಸಾಕ್ಷಿಯಿಲ್ಲದ ರಸ್ತೆ ಬದಿಯಲ್ಲಿ ಒಬ್ಬನ ಕೈಗೆ ರಸೀದಿಯನ್ನೂ ಇನ್ನೊಬ್ಬನಿಗೆ ಆಫೀಸಿಗೆ ತಡವಾಗುವ ಆತಂಕವನ್ನೂ ಕೊಟ್ಟರೆ, ಒಳ್ಳೆಯ ಸಿಬ್ಬಂದಿಗೂ ಅದು ದಿನನಿತ್ಯದ ಪರೀಕ್ಷೆ.

ಗಾಡಿ ಅಡ್ಡಗಟ್ಟುವುದನ್ನು ಬಿಟ್ಟು ಕ್ಯಾಮೆರಾವನ್ನೇ ನೆಚ್ಚಬೇಕೆಂಬ ವಾದಕ್ಕೆ ಪ್ರತಿವಾದಗಳಿವೆ, ಹಗುರವಾದವೂ ಅಲ್ಲ. ಮೊದಲನೆಯದು: ತಪಾಸಣೆಯ ಹೆದರಿಕೆ ಇಲ್ಲದಿದ್ದರೆ ಬೆಂಗಳೂರಿನಲ್ಲಿ ಯಾರೂ ಹೆಲ್ಮೆಟ್ ಹಾಕುವುದಿಲ್ಲ. ಆ ಹೆದರಿಕೆ ಹಾಕಿಸಿರುವ ಹೆಲ್ಮೆಟ್ ಎಂಥದೆಂದು ನಗರದ ಯಾವ ಸಿಗ್ನಲ್ಲಿನಲ್ಲಾದರೂ ನೋಡಬಹುದು. ತಲೆಯ ಅರ್ಧವೂ ಮುಚ್ಚದ, ಪಟ್ಟಿ ಬಿಗಿಯದ ಪ್ಲಾಸ್ಟಿಕ್ ಟೋಪಿ. ಅದು ಪೊಲೀಸರಿಗಾಗಿ ಹಾಕಿದ್ದು, ತಲೆಗಾಗಿ ಅಲ್ಲ. ಎರಡನೆಯದು: ಇನ್ಶೂರೆನ್ಸ್ ಇಲ್ಲದ ವಾಹನವನ್ನು ನಿಲ್ಲಿಸದೆ ಹೇಗೆ ಪತ್ತೆ ಹಚ್ಚುವುದು? ವಾಹನ ನೋಂದಣಿಯ ‘ವಾಹನ್’ ದತ್ತಾಂಶದಲ್ಲಿ ಪ್ರತಿ ವಾಹನದ ವಿಮೆ, ಹೊಗೆ ಪ್ರಮಾಣಪತ್ರದ ಅವಧಿ ಇದೆ. ನಂಬರ್ ಹಾಕಿದರೆ ತೆರೆಯ ಮೇಲೆ ಬರುತ್ತದೆ, ಗಾಡಿ ನಿಲ್ಲಬೇಕಿಲ್ಲ. ಮೂರನೆಯದು ನಿಜಕ್ಕೂ ಗಟ್ಟಿ: ನಂಬರ್ ಪ್ಲೇಟ್ ಮಡಚಿದವರು, ಮಾಸ್ಕ್ ಸಿಕ್ಕಿಸಿದವರು, ಇನ್ನೊಬ್ಬರ ನಂಬರ್ ಹಾಕಿಕೊಂಡವರು ಕ್ಯಾಮೆರಾಕ್ಕೆ ಸಿಗುವುದಿಲ್ಲ. ಅಂಥವರನ್ನು ನಿಲ್ಲಿಸಲೇಬೇಕು. ಮುಚ್ಚಿದ ಪ್ಲೇಟು ಕಣ್ಣಿಗೆ ಕಾಣುವ ಉಲ್ಲಂಘನೆಯೇ ಆದ್ದರಿಂದ ಸೂದ್ ಅವರ ಆದೇಶದಲ್ಲಾಗಲಿ ಸಲೀಂ ಅವರ ಮಾರ್ಗಸೂಚಿಯಲ್ಲಾಗಲಿ ಅದಕ್ಕೆ ಅಡ್ಡಿಯಿಲ್ಲ. ಕುಡಿದು ಓಡಿಸುವವರ ಮಾತೂ ಹಾಗೆಯೇ.

ಕ್ಯಾಮೆರಾ ಪಕ್ಷದವರು ಉತ್ತರಿಸಬೇಕಾದ ಪ್ರಶ್ನೆ ಬೇರೆ ಇದೆ. ಕೇಸ್ ಬೀಳುತ್ತದೆ, ದುಡ್ಡು ಬರುವುದಿಲ್ಲ. 2025ರ ಫೆಬ್ರುವರಿಯಲ್ಲಿ ಸಿಟಿ ಮಾರ್ಕೆಟ್ ಸಂಚಾರ ಪೊಲೀಸರು ವಶಪಡಿಸಿಕೊಂಡ ಒಂದು ಸ್ಕೂಟರಿನ ಮೇಲೆ 311 ಪ್ರಕರಣಗಳಿದ್ದವು, ದಂಡದ ಬಾಕಿ 1.61 ಲಕ್ಷ ರೂಪಾಯಿ. ಅಷ್ಟು ದುಡ್ಡಿಗೆ ಹೊಸ ಸ್ಕೂಟರೇ ಬರುತ್ತದೆ. ಇಂಥ ಬಾಕಿ ಬೆಟ್ಟವಾದಾಗ ಸರ್ಕಾರ ಹುಡುಕಿದ ದಾರಿ ಅರ್ಧ ಬೆಲೆಯ ಮಾರಾಟ. 2023ರ ಫೆಬ್ರುವರಿಯಲ್ಲಿ ಶೇ 50 ರಿಯಾಯಿತಿ ಕೊಟ್ಟಾಗ ಒಂಬತ್ತೇ ದಿನದಲ್ಲಿ 120 ಕೋಟಿಗೂ ಹೆಚ್ಚು ಸಂಗ್ರಹವಾಯಿತು. ಆ ರುಚಿ ಬಿಡಲಿಲ್ಲ. ಅದೇ ವರ್ಷ ಮತ್ತೆ ಕೊಟ್ಟರು. 2025ರ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೆ ಕೊಟ್ಟಾಗ ನೂರು ಕೋಟಿ ದಾಟಿತು. ಮುಖ್ಯಮಂತ್ರಿ ಕಾರಿನ ದಂಡವೂ ಈ ರಿಯಾಯಿತಿಯಲ್ಲೇ ತೀರಿತು. ನವೆಂಬರ್‌ನಲ್ಲಿ ಇನ್ನೊಂದು ಸುತ್ತು. ಹೆಲ್ಮೆಟ್ ಇಲ್ಲದ್ದಕ್ಕೆ 500 ರೂಪಾಯಿಯನ್ನು ನೋಟಿಸ್ ಬಂದ ದಿನವೇ ಕಟ್ಟಿದವನು ಈಗ ದಡ್ಡನಾಗಿದ್ದಾನೆ. ಕಾದವನಿಗೆ 250.

ಈ ರಿಯಾಯಿತಿಗೂ ರಸ್ತೆ ಬದಿಯ ತಪಾಸಣೆಗೂ ನೇರ ನಂಟಿದೆ. ಕ್ಯಾಮೆರಾ ದಂಡವನ್ನು ಜನ ಕಟ್ಟುವುದಿಲ್ಲ ಎಂದಾದಾಗ, ಗಾಡಿ ನಿಲ್ಲಿಸಿ, ಸಾಧನದಲ್ಲಿ ನಂಬರ್ ಒತ್ತಿ, ‘ಹಳೇ ಕೇಸು ಇಷ್ಟಿದೆ, ಕಟ್ಟಿ ಹೋಗಿ’ ಎನ್ನುವುದು ವಸೂಲಿಯ ಸುಲಭ ದಾರಿಯಾಗುತ್ತದೆ. ಬೆಂಗಳೂರಿನಲ್ಲಿ ಕೋಟಿ ದಾಟಿದ ವಾಹನಗಳಿರುವಾಗ ಯಾವ ಗಾಡಿ ನಿಲ್ಲಿಸಿದರೂ ಏನಾದರೂ ಸಿಗುತ್ತದೆ. ಠಾಣೆಗಳಿಗೆ ‘ಟಾರ್ಗೆಟ್’ ಇದೆ ಎಂದು ಜನ ನಂಬುವುದು ಇದನ್ನು ನೋಡಿಯೇ. ಇಲ್ಲಿ ಸವಾರರಿಗೂ ತಿಳಿಯದ ಒಂದು ಮಾತಿದೆ: ಸ್ಥಳದಲ್ಲೇ ದಂಡ ಕಟ್ಟಲೇಬೇಕೆಂಬ ಕಡ್ಡಾಯ ಕಾನೂನಿನಲ್ಲಿಲ್ಲ. ತಪ್ಪೊಪ್ಪಿ ಕಟ್ಟುವುದು ಒಂದು ಆಯ್ಕೆ, ನೋಟಿಸ್ ಪಡೆದು ನ್ಯಾಯಾಲಯದಲ್ಲಿ ಹೇಳಿಕೊಳ್ಳುವುದು ಇನ್ನೊಂದು. ಎರಡನೆಯದನ್ನು ಬಾಯಿಬಿಟ್ಟು ಹೇಳುವ ಸಿಬ್ಬಂದಿ ಅಪರೂಪ.

ಸಂಚಾರ ಪೊಲೀಸರ ಬದುಕು ಸುಖದ್ದೇನಲ್ಲ. ಪೀಣ್ಯ ಮೇಲ್ಸೇತುವೆಯ ಕೇಬಲ್ ದೋಷದಿಂದ 2021ರ ಡಿಸೆಂಬರ್‌ನಲ್ಲಿ ಸಂಚಾರ ನಿಂತು, ಭಾರೀ ವಾಹನಗಳಿಗೆ ಅದು ಮತ್ತೆ ತೆರೆದದ್ದು 2024ರ ಜುಲೈಯಲ್ಲಿ. ಅಲ್ಲಿಯವರೆಗೆ ತುಮಕೂರು ರಸ್ತೆಯ ಲಾರಿ, ಬಸ್ಸುಗಳೆಲ್ಲ ಕೆಳಗಿನ ರಸ್ತೆಗೆ ಇಳಿದು ಗೊರಗುಂಟೆಪಾಳ್ಯ ಉಸಿರುಗಟ್ಟಿದಾಗ, ಬಿಳಿ ಅಂಗಿ ಕಪ್ಪಾಗುವವರೆಗೂ ಹೊಗೆಯಲ್ಲಿ ನಿಂತು ಒಂದೊಂದೇ ಸಾಲು ಬಿಡಿಸಿದವರು ಇವರೇ. ನಂದಿನಿ ಲೇಔಟ್‌ನ ಜನ ಪೊಲೀಸರನ್ನು ಕಾಣಬಯಸುವುದು ಅಂಥ ಕಡೆ: ಸಿಗ್ನಲ್ ಕೆಟ್ಟ ವೃತ್ತದಲ್ಲಿ, ಶಾಲೆ ಬಿಡುವ ಹೊತ್ತಿನ ಗೇಟಿನೆದುರು, ಮಳೆ ನೀರು ನಿಂತ ತಗ್ಗಿನಲ್ಲಿ. ತಿರುವಿನ ಮರೆಯಲ್ಲಿ ನಾಲ್ಕು ಜನ ನಿಂತು ದಾಖಲೆ ನೋಡುವಾಗ ಮುಂದಿನ ಜಂಕ್ಷನ್ ಖಾಲಿ ಇರುತ್ತದೆ.

ಗಾಡಿ ತಡೆಯುವ ಅಧಿಕಾರಕ್ಕೆ ಮಿತಿ ಹಾಕಲು ಸಂಸತ್ತಿನ ತನಕ ಹೋಗಬೇಕಿಲ್ಲ. 130ನೇ ಸೆಕ್ಷನ್ ಇರುವ ಅಧ್ಯಾಯದ ಜಾರಿಗೆ ನಿಯಮ ಮಾಡುವ ಅಧಿಕಾರವನ್ನು ಅದೇ ಕಾಯ್ದೆಯ 138ನೇ ಸೆಕ್ಷನ್ ರಾಜ್ಯ ಸರ್ಕಾರಕ್ಕೆ ಕೊಟ್ಟಿದೆ. ಕರ್ನಾಟಕ ಮೋಟಾರು ವಾಹನ ನಿಯಮಗಳು, 1989ಕ್ಕೆ ಒಂದು ತಿದ್ದುಪಡಿ ಸಾಕು. ಚಲಿಸುವ ವಾಹನವನ್ನು ಕಾಣುವ ಉಲ್ಲಂಘನೆ ಅಥವಾ ಮದ್ಯಪಾನದ ಶಂಕೆ ಇದ್ದಾಗ ಮಾತ್ರ ತಡೆಯತಕ್ಕದ್ದು. ತಡೆದ ಕಾರಣವನ್ನು ರಸೀದಿಯಲ್ಲಿ ಬರೆಯತಕ್ಕದ್ದು. ಬಾಡಿ ಕ್ಯಾಮೆರಾ ಚಾಲೂ ಇಲ್ಲದಿದ್ದರೆ ಆ ದಂಡ ಅಸಿಂಧು. ಸವಾರ ಕೇಳಿದರೆ ಅದರ ದೃಶ್ಯ ಕೊಡತಕ್ಕದ್ದು. ಬಾಕಿ ವಸೂಲಿಗೆ ರಿಯಾಯಿತಿಯ ಬದಲು ಕಂತು ಬರಲಿ, ವಿಳಂಬಕ್ಕೆ ಶುಲ್ಕ ಬರಲಿ, ತಕ್ಷಣ ಕಟ್ಟಿದವನಿಗೆ ಕಡಿತ ಸಿಗಲಿ.

ಸರ್ಕಾರಕ್ಕೆ ಇಂಥ ತಿದ್ದುಪಡಿ ಹೊಸದೂ ಅಲ್ಲ. 2016ರ ಜನವರಿಯಲ್ಲಿ ಹಿಂಬದಿ ಸವಾರರಿಗೆ ಹೆಲ್ಮೆಟ್ ಕಡ್ಡಾಯ ಮಾಡಿದ್ದು ಇದೇ ನಿಯಮಾವಳಿಯನ್ನು ತಿದ್ದಿ. 2019ರ ಸೆಪ್ಟೆಂಬರ್‌ನಲ್ಲಿ ಹೊಸ ದಂಡದ ದರಕ್ಕೆ ಜನ ಸಿಡಿದಾಗ, ಜಾರಿಗೆ ಬಂದ ತಿಂಗಳಲ್ಲೇ ಅಧಿಸೂಚನೆ ಹೊರಡಿಸಿ ದರ ಇಳಿಸಿತು. ಸವಾರರ ಕರ್ತವ್ಯ ಹೆಚ್ಚಿಸಲು, ದಂಡದ ದರ ತಗ್ಗಿಸಲು ಗೆಜೆಟ್ ಸಿಗುತ್ತದೆ. ಪೊಲೀಸರ ಕೈಗೆ ಮಿತಿ ಹಾಕುವ ಮಾತು ಬಂದಾಗ ಮಾತ್ರ ಸುತ್ತೋಲೆ. ಮಂಡ್ಯದ ಮಾರ್ಗಸೂಚಿಯನ್ನು ನಿಯಮವಾಗಿಸಲು ಇರುವ ತೊಡಕೇನು ಎಂಬುದನ್ನು ಗೃಹ ಮತ್ತು ಸಾರಿಗೆ ಸಚಿವರು ಮುಂದಿನ ಅಧಿವೇಶನದಲ್ಲಿ ಸದನಕ್ಕೆ ತಿಳಿಸಬೇಕು, ಬೆಂಗಳೂರಿನ ಶಾಸಕರು ಅದನ್ನು ಕೇಳಬೇಕು.